ಕೊಲೆ ಶುರುವಾದದ್ದು ಯಾವತ್ತು?

ಪತ್ತೇದಾರಿ ಕಾದಂಬರಿ ಕೊಲೆಗಾರ ಸಿಕ್ಕ ಕೂಡಲೇ ಮುಗಿಯುತ್ತದೆ. ವಚನ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಕೊಲೆ ಹಾಗೆ ಮುಗಿಯೋದಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲೇ ಗುಂಡು ಹಾರಿತು. ಹಾರಿಸಿದ ಕೈ ಯಾವುದೆಂದು ಪೊಲೀಸರು ಹುಡುಕಿದರು; ಹುಡುಕಲೇಬೇಕು.

ಆದರೆ 1989ರಲ್ಲಿ ‘ಮಾರ್ಗ’ ಪುಸ್ತಕದ ಮಾತಿಗಾಗಿ ಧಾರ್ಮಿಕ ಮುಖಂಡರು ಒತ್ತಡ ಹಾಕಿ, ಬರೆದದ್ದನ್ನು ವಾಪಸ್ ಪಡೆಯುವಂತೆ ಮಾಡಿದರಲ್ಲ? ಅದನ್ನವರು ತಮ್ಮ ಬೌದ್ಧಿಕ ಆತ್ಮಹತ್ಯೆ ಅಂದರು. ಆವತ್ತು ‘ನಮಗ್ಯಾಕೆ ಬಿಡಪ್ಪಾ’ ಅಂದವರೆಷ್ಟು ಮಂದಿ? ಅವರು ಕಾನೂನಿನ ಕಣ್ಣಲ್ಲಿ ನಿರಪರಾಧಿಗಳು. ಅವರ ಮೌನಕ್ಕೆ ವಿಚಾರಣೆ ಯಾವ ಕೋರ್ಟಿನಲ್ಲಿ?

ಅಕ್ಷರ ಮುಟ್ಟಿದ್ದಕ್ಕೇ ಏಟು ತಿಂದ ಕೇರಿಗಳ ಮಕ್ಕಳು ನಾವು. ನಮಗೆ ಗೊತ್ತು: ಮೊದಲು ಬಾಯಿ ಮುಚ್ಚಿಸುತ್ತಾರೆ, ಉಸಿರು ನಿಲ್ಲಿಸೋದು ಆಮೇಲೆ. ಮೇಷ್ಟ್ರೇ, ಪ್ರಶ್ನೆ ಕೇಳಿದ ಹುಡುಗಿಗೆ ‘ಸುಮ್ನೆ ಕೂತ್ಕೊಳ್ಳೇ’ ಅನ್ನುವ ಮುಂಚೆ ಧಾರವಾಡದ ಆ ಬಾಗಿಲನ್ನು ನೆನೆಯಿರಿ.