ಕ್ರೀತಾನ್ನವೂ ಅನ್ನನಿಂದೆಯೂ

ಬೆಲೆ ಕೊಟ್ಟು ಉಣ್ಣುವವನು ಅನ್ನವನ್ನು ದೂರಬಹುದೆ? ದೂರಬಹುದಾದರೆ ಯಾರ ಮುಂದೆ, ಎಷ್ಟರ ಮಟ್ಟಿಗೆ? ಮೇಲ್ನೋಟಕ್ಕೆ ಇದು ಅಲ್ಪವಿಷಯವೆಂದು ತೋರಬಹುದು. ಆದರೆ ನಮ್ಮಲ್ಲಿ ಹೋಟಲಿನ ಮೇಜಿನ ಮುಂದೆ ಕುಳಿತು ಒಂದಲ್ಲ ಒಂದು ದಿನ ಯಾರನ್ನಾದರೂ ಗದರಿಸದಿರುವವರು ವಿರಳ. ನಾನೂ ಗದರಿಸಿದೆನು. ಆ ಪ್ರಸಂಗವೇ ಈ ವಿಚಾರಕ್ಕೆ ಕಾರಣವಾದುದರಿಂದ ಅದನ್ನು ಮೊದಲು ನಿವೇದಿಸುವೆನು.

ನಮ್ಮೂರಿನ ಹೊರಗೆ ತೋಟದೊಳಗೆ ನಡೆಯುವ ಒಂದು ಉಪಾಹಾರಗೃಹವುಂಟು. ಹೊಂಗೆ ಮಾವುಗಳ ನೆರಳಿನಲ್ಲಿ ಕಲ್ಲಿನ ಮೇಜುಗಳನ್ನು ಹಾಕಿದ್ದಾರೆ. ಸಂಜೆಯ ತಂಗಾಳಿಗಾಗಿಯೇ ಅಲ್ಲಿಗೆ ಹೋಗುವವರು ಬಹಳ. ಕಳೆದ ಮಾಘಮಾಸದಲ್ಲಿ ಇಬ್ಬರು ಮಿತ್ರರೊಡನೆ ನಾನೂ ಹೋಗಿ, ಎಲ್ಲಕ್ಕಿಂತ ದೂರದ, ಗಾಳಿ ಚೆನ್ನಾಗಿ ಬೀಸುವ ಮೇಜನ್ನು ಆರಿಸಿ ಕುಳಿತೆನು. ದೋಸೆ ಬರುವುದಕ್ಕೆ ಅರ್ಧಗಂಟೆ ಹಿಡಿಯಿತು. ಬಂದಾಗ ಅದು ಮೆತ್ತಗಾಗಿತ್ತು. ಕಾಫಿ ಆರಿ ಕೆನೆಗಟ್ಟಿತ್ತು. ಇಪ್ಪತ್ತರ ಹರೆಯದ ಮಾಣಿಯನ್ನು ಕರೆದು, ಮೂವತ್ತು ವರ್ಷ ತರಗತಿಯಲ್ಲಿ ಪಳಗಿಸಿದ ಧ್ವನಿಯಲ್ಲಿ ನಾಲ್ಕು ಮಾತಾಡಿದೆನು. ಅವನು ಬಾಯಿಬಿಡಲಿಲ್ಲ. ಯಜಮಾನರು ಓಡಿಬಂದು, ಕ್ಷಮೆ ಬೇಡಿ, ಬೇರೆ ತರಿಸಿಕೊಟ್ಟು, ಹಣವನ್ನೂ ಬೇಡವೆಂದರು. ನಾನು ವಾದದಲ್ಲಿ ಗೆದ್ದ ಪಂಡಿತನಂತೆ ಎದ್ದೆನು. ಕೈ ತೊಳೆಯಲು ಹೋದಾಗ, “ಇದು ನಿನ್ನ ಲೆಕ್ಕಕ್ಕೆ” ಎಂದು ಅವರು ಆ ಹುಡುಗನಿಗೆ ಹೇಳುತ್ತಿದ್ದುದು ಕಿವಿಗೆ ಬಿದ್ದಿತು. ಕೇಳಿಯೂ ಕೇಳದವನಂತೆ ಹೊರಟುಬಂದೆನು.

ನಾನು ಗದರಿಸಿದ್ದಕ್ಕಿಂತಲೂ ಹಾಗೆ ಹೊರಟುಬಂದದ್ದೇ ನನ್ನನ್ನು ಹೆಚ್ಚಾಗಿ ಬಾಧಿಸಿದೆ.

ಪಾಠಶಾಲೆಯಲ್ಲಿ ಓದಿದವರಿಗೆ ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ಬಾಯಿಪಾಠ. ಅನ್ನವನ್ನು ನಿಂದಿಸದಿರುವುದನ್ನು ಅಲ್ಲಿ ವ್ರತವೆಂದೇ ವಿಧಿಸಿದೆ. ಮನುವೂ ಎದುರಿಗೆ ಬಂದ ಅನ್ನವನ್ನು ಆದರದಿಂದ, ನಿಂದಿಸದೆ ಉಣ್ಣಬೇಕೆನ್ನುತ್ತಾನೆ. ಇಲ್ಲಿ ಒಬ್ಬ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: “ಆ ವಿಧಿಯೆಲ್ಲ ಮನೆಯ ಅನ್ನಕ್ಕೆ, ದಾನದ ಅನ್ನಕ್ಕೆ. ಮಾರುವ ಅನ್ನವು ಬಟ್ಟೆಬರೆಗಳಂತೆ ಒಂದು ಸರಕು. ಹರಕು ಬಟ್ಟೆಯನ್ನು ಹಿಂದಿರುಗಿಸುವವನು ವಸ್ತ್ರನಿಂದೆ ಮಾಡಿದನೆಂದು ಯಾರೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಬ್ರಾಹ್ಮಣನು ಆಪತ್ತಿನಲ್ಲಿ ವೈಶ್ಯವೃತ್ತಿಯನ್ನು ಹಿಡಿದಾಗಲೂ ಮಾರಬಾರದ ವಸ್ತುಗಳ ಸಾಲಿನಲ್ಲಿ ಬೇಯಿಸಿದ ಅನ್ನವನ್ನು ಅದೇ ಮನುವು ಸೇರಿಸಿದ್ದಾನೆ. ಆ ನಿಷೇಧವನ್ನು ದಾಟಿ ಬಂದು ಕುಳಿತ ಅಂಗಡಿಯಲ್ಲಿ ಉಳಿದ ವಿಧಿಯನ್ನು ಮಾತ್ರ ನೆನೆಯುವುದೇಕೆ?”

ಆಕ್ಷೇಪವು ಬಲವಾದದ್ದೇ. ಉಡುಪಿಯ ಸುತ್ತಣ ಗ್ರಾಮಗಳಿಂದ ಹೊರಟ ಬ್ರಾಹ್ಮಣರೇ ಊರೂರುಗಳಲ್ಲಿ ಹೋಟಲುಗಳನ್ನು ತೆರೆದು ಆ ನಿಷೇಧವನ್ನು ಸದ್ದಿಲ್ಲದೆ ಬದಿಗಿರಿಸಿ ನೂರು ವರ್ಷಗಳಾದುವು. ಅದು ಅನರ್ಥವಾಯಿತೆಂದು ನಾನು ಹೇಳಲಾರೆನು. ಇದಕ್ಕೆ ನನ್ನ ಅನುಭವವೇ ಕಾರಣ. ನಾನು ಓದುತ್ತಿದ್ದಾಗ ವಾರಾನ್ನದ ಪದ್ಧತಿಯು ಪೂರ್ತಿಯಾಗಿ ಅಳಿದಿರಲಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಇಕ್ಕಿದ ತಾಯಂದಿರು ಪುಣ್ಯವಂತರು; ಅವರ ಋಣ ತೀರತಕ್ಕದ್ದಲ್ಲ. ಆದರೆ ಸಾರಿಗೆ ಉಪ್ಪಿಲ್ಲದಿದ್ದರೂ ಕೇಳುವ ಹಾಗಿರಲಿಲ್ಲ, ಹಸಿವು ಉಳಿದಿದ್ದರೂ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕಾಗಿತ್ತು. ಮೊದಲ ಸಂಬಳ ಬಂದ ದಿನ ಹೋಟಲಿಗೆ ಹೋಗಿ, “ಇನ್ನೊಂದು ಬಟ್ಟಲು ಪಲ್ಯ ತಾ” ಎಂದು ಗಟ್ಟಿಯಾಗಿ ಹೇಳಿದಾಗ ಆದ ಸುಖವನ್ನು ನಾನು ಮರೆತಿಲ್ಲ. ಕ್ರೀತಾನ್ನವು ಉಣ್ಣುವವನ ಕತ್ತನ್ನು ನೆಟ್ಟಗೆ ನಿಲ್ಲಿಸುತ್ತದೆ.

ಇನ್ನೂ ದೊಡ್ಡ ಮಾತೊಂದುಂಟು. ನಮ್ಮ ಮನೆಗಳ ಅತಿಥಿಧರ್ಮವು ಎಷ್ಟೇ ಉದಾರವಾಗಿದ್ದರೂ ಜಾತಿಯ ಹೊಸಿಲಿನಲ್ಲಿ ನಿಂತುಬಿಡುತ್ತಿತ್ತು. ಹೋಟಲೂ ಮೊದಮೊದಲು ಹಾಗೆಯೇ ಇತ್ತು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದದ್ದು ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಿಂದ. ಆದರೆ 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ಅನುಚ್ಛೇದವು ಅಂಗಡಿ ಹೋಟಲುಗಳ ಪ್ರವೇಶವನ್ನು ಜಾತಿಯ ಕಾರಣದಿಂದ ಯಾರಿಗೂ ತಡೆಯಕೂಡದೆಂದು ವಿಧಿಸಿತು. ಮನೆಯ ಅಡಿಗೆಯ ಕೋಣೆಗೆ ಅಂತಹ ವಿಧಿಯನ್ನು ಯಾವ ಸರಕಾರವು ಹಾಕಬಲ್ಲದು? ದಾನವು ತೆರೆಯದ ಬಾಗಿಲನ್ನು ವಿಕ್ರಯವು ತೆರೆಯಿತು. ಮನುವಿನ ನಿಷೇಧವನ್ನು ದಾಟಿದ್ದರಿಂದ ನಾವು ಪಡೆದದ್ದು ಇದು.

ಆದುದರಿಂದ ಕೊಂಡವನಿಗೆ ದೂರುವ ಅಧಿಕಾರವಿದೆಯೆಂದೇ ನಾನು ಒಪ್ಪುವೆನು. ಹಳಸಿದ್ದನ್ನು ಬಡಿಸಿದರೆ ಸುಮ್ಮನಿರುವುದು ವ್ರತವಲ್ಲ, ಮುಂದಿನ ಪಂಕ್ತಿಯವರಿಗೆ ಮಾಡುವ ದ್ರೋಹ. ಮಾರುವವನು ಸತ್ಯಕ್ಕೆ ಹೊಣೆ. ಮೇಲೆ ಹೇಳಿದ ಮಾವಳ್ಳಿಯ ಹೋಟಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಉಪಾಹಾರಗೃಹಗಳನ್ನು ನೋಡಿ ಬಂದು, ಪಾತ್ರೆಗಳನ್ನು ಬಿಸಿಯಿಂದ ಶುದ್ಧಿಮಾಡುವ ಕ್ರಮವನ್ನು ತಂದರು. ಗಿರಾಕಿಗಳು ಅಡಿಗೆಯ ಮನೆಯನ್ನು ಕಣ್ಣಾರೆ ಕಾಣುವ ಪದ್ಧತಿಯೂ ಅಲ್ಲಿ ರೂಢಿಯಾಯಿತು. ಹೊಗೆಯ ಮರೆಯಲ್ಲಿ ಅಡಗಿದ್ದುದನ್ನು ಬೆಳಕಿಗಿಟ್ಟು ಮಾರುವುದು ವ್ಯಾಪಾರದಲ್ಲಿ ಸತ್ಯವ್ರತವಲ್ಲದೆ ಮತ್ತೇನು?

ಆದರೆ ಬೆಲೆಯೊಳಗೆ ಏನೇನು ಸೇರಿದೆ? 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೋಟಲುಗಳು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಸೂಚನೆ ಹೊರಡಿಸಿತು. ಹೋಟಲಿನವರ ಸಂಘಗಳು ಮೊರೆಹೋದುವು. 2025ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆ ಸೂಚನೆಯನ್ನೇ ಎತ್ತಿಹಿಡಿಯಿತು. ತಿಂಡಿಯ ಬೆಲೆಯಲ್ಲೇ ಸೇವೆಯ ಬೆಲೆಯೂ ಸೇರಿದೆಯೆಂಬುದು ಇದರ ತಾತ್ಪರ್ಯ. ಒಪ್ಪತಕ್ಕ ಮಾತೇ. ಆದರೆ ಸೇವಕನ ಮಾನವೂ ಆ ಬೆಲೆಯಲ್ಲಿ ಸೇರಿದೆಯೆ? ನಾನು ಆ ಸಂಜೆ ಕೊಳ್ಳಹೊರಟದ್ದು ಅದನ್ನು. ಇಬ್ಬರು ಮಿತ್ರರೆದುರು ಒಬ್ಬನು ತಲೆತಗ್ಗಿಸಿ ನಿಲ್ಲುವುದು ನನಗೆ ದೋಸೆಗಿಂತ ರುಚಿಯಾಗಿತ್ತೆಂದು ಈಗ ತೋರುತ್ತದೆ. ಹಾಗೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಕ್ರೀತಾನ್ನದಿಂದ ಕತ್ತು ನೆಟ್ಟಗಾದವನು ಇನ್ನೊಬ್ಬನ ಕತ್ತನ್ನು ಬಗ್ಗಿಸಿದೆನು. ವಾರಾನ್ನದ ಹುಡುಗನು ಮಾತಾಡದೆ ನಿಂತಂತೆಯೇ ಆ ಮಾಣಿಯೂ ನಿಂತಿದ್ದನು. ಕಾರಣವೂ ಒಂದೇ, ಹೊಟ್ಟೆ.

ಪೂರ್ವಪಕ್ಷಿಯ ಬಟ್ಟೆಯ ದೃಷ್ಟಾಂತವು ಇಲ್ಲಿ ಸೋಲುತ್ತದೆ. ನೇಯ್ದವನು ಅಂಗಡಿಯಲ್ಲಿ ನಿಂತಿರುವುದಿಲ್ಲ. ಅನ್ನವು ಮಾತ್ರ ಒಬ್ಬನ ಕೈಯಿಂದ ಕೈಗೆ ಬರುತ್ತದೆ. ಅದನ್ನು ದೂರಿದ ಮಾತು ಮೊದಲು ತಾಗುವುದು ಆ ಕೈಗೆ. ಆ ಕೈ ಸಾಮಾನ್ಯವಾಗಿ ಅಡಿಗೆ ಮಾಡಿದ್ದೂ ಅಲ್ಲ, ಲಾಭ ತೆಗೆದುಕೊಳ್ಳುವುದೂ ಅಲ್ಲ.

ಹತ್ತು ದಿನಗಳ ಮೇಲೆ ಮತ್ತೆ ಅಲ್ಲಿಗೆ ಹೋದೆನು. ಈ ಬಾರಿ ಒಬ್ಬನೇ. ಅಡಿಗೆಯ ಮನೆಯ ಬಾಗಿಲಿನಿಂದ ನಾವು ಕುಳಿತಿದ್ದ ಮೇಜಿನವರೆಗೆ ನಡೆದು ಎಣಿಸಿದೆನು: ನೂರಹದಿನಾಲ್ಕು ಹೆಜ್ಜೆ. ಮೂವರು ಮಾಣಿಗಳು, ಇಪ್ಪತ್ತಕ್ಕೆ ಮೇಲ್ಪಟ್ಟು ಮೇಜುಗಳು. ತಟ್ಟೆಗಳಿಗೆ ಮುಚ್ಚಳವಿಲ್ಲ. ಯಾವ ಗಾಳಿಗಾಗಿ ಅಷ್ಟು ದೂರದ ಮೇಜನ್ನು ಆರಿಸಿದೆನೋ ಆ ಗಾಳಿಯೇ ನಮ್ಮ ಕಾಫಿಯನ್ನು ಆರಿಸಿತ್ತು. ಮುಚ್ಚಳದ ಮಾತನ್ನು ಯಜಮಾನರಿಗೆ ಹೇಳಿದೆನು. ಅವರು ವಿನಯದಿಂದಲೇ ಕೇಳಿದರು. ಆ ದಿನದ ತಿಂಡಿಯ ಹಣವನ್ನು ಮುಂದಿಟ್ಟು, ಇದು ಆ ಹುಡುಗನಿಗೆ ಸಲ್ಲಬೇಕೆಂದೆನು. “ಅವನು ಬಿಟ್ಟುಹೋಗಿ ಒಂದು ವಾರವಾಯಿತು, ಸ್ವಾಮಿ. ಎಲ್ಲಿಗೆ ಹೋದನೋ ತಿಳಿಯದು” ಎಂದರು. ಅವನ ಹೆಸರೇನೆಂದು ಕೇಳಿದೆನು. ಆ ದಿನ ನಾನು ಅದನ್ನು ಕೇಳಿರಲಿಲ್ಲ. ಅವರು ಹೆಸರನ್ನು ಹೇಳಿ, ಬೇರೆ ಗಿರಾಕಿಗಳ ಬಿಲ್ಲಿನ ಕಡೆಗೆ ತಿರುಗಿದರು.