ಜೊತೆಗೆ ಹೋದವರ ಋಣ

ತ್ಯಾಗ ಎಂಬ ಮಾತನ್ನು ನಾವು ಹೆಂಗಸರ ವಿಷಯದಲ್ಲಿ ಬಹಳ ಧಾರಾಳವಾಗಿ ಬಳಸುತ್ತೇವೆ. ಗಂಡನಿಗಾಗಿ ಕೆಲಸ ಬಿಟ್ಟಳು, ಮಕ್ಕಳಿಗಾಗಿ ಓದು ಬಿಟ್ಟಳು, ಕೊನೆಗೆ ಊರನ್ನೂ ಬಿಟ್ಟಳು, ಎಂಥ ತ್ಯಾಗ ಎಂದುಬಿಟ್ಟರೆ ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ ಕೊಡುವವರಿಗೆ ‘ಕೊಡಲಾರೆ’ ಎನ್ನುವ ಅವಕಾಶವೂ ಇದ್ದು, ಆಮೇಲೆ ಮನಸಾರೆ ಕೊಟ್ಟರೆ ತಾನೇ ಅದು ತ್ಯಾಗ? ಕೇಳದೆಯೇ ತೆಗೆದುಕೊಂಡದ್ದಕ್ಕೆ ಏನೆನ್ನಬೇಕು? ಸಂಸಾರ ಸಮೇತ ಪರದೇಶಕ್ಕೆ ಹೋಗುವವರನ್ನು ಕಂಡಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ನನ್ನ ಅಕ್ಕನ ಮಗಳು ಇಂಜಿನಿಯರ್. ಬೆಂಗಳೂರಿನಲ್ಲಿ ಆರು ವರ್ಷ ದುಡಿದು ಒಳ್ಳೆಯ ಹೆಸರು ತೆಗೆದುಕೊಂಡಿದ್ದವಳು. 2008ರಲ್ಲಿ ಗಂಡನಿಗೆ ಅಮೆರಿಕದಲ್ಲಿ ಕೆಲಸವಾಯಿತು. ಎರಡು ವರ್ಷದ ಮಗುವನ್ನೆತ್ತಿಕೊಂಡು ಇವಳೂ ನ್ಯೂಜೆರ್ಸಿಗೆ ಹೊರಟಳು. ಅವನದು ಎಚ್-1ಬಿ ವೀಸಾ, ಇವಳದು ಎಚ್-4, ಅಂದರೆ ಅವಲಂಬಿತರ ವೀಸಾ. ಆಗಿನ ನಿಯಮದಂತೆ ಎಚ್-4ನವರು ಓದಬಹುದಿತ್ತು, ಸಂಬಳಕ್ಕೆ ದುಡಿಯುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದರೆ ಈ ಕಟ್ಟು ಬಿಡುತ್ತದೆ, ನಿಜ. ಆದರೆ ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳೇ ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡ 7ರ ಮಿತಿ. ಹೀಗಾಗಿ ಭಾರತೀಯರ ಸರದಿ ಹನುಮಂತನ ಬಾಲದಂತೆ ಬೆಳೆಯಿತು. ಕಡೆಗೆ 2015ರ ಮೇ 26ರಿಂದ, ಗಂಡನ ಗ್ರೀನ್ ಕಾರ್ಡ್ ವ್ಯವಹಾರ ಒಂದು ಹಂತ ದಾಟಿದ್ದರೆ ಹೆಂಡತಿಯೂ ಪರವಾನಗಿ ಪಡೆದು ದುಡಿಯಬಹುದು ಎಂಬ ನಿಯಮ ಬಂತು. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು. ಅವಳ ಕೈಕೆಳಗೆ ಕೆಲಸ ಕಲಿತವರು ಅವಳಿಗಿಂತ ಎಷ್ಟೋ ಮೆಟ್ಟಿಲು ಮೇಲೇರಿದ್ದರು.

ಊರಿಗೆ ಬಂದಾಗ ಒಮ್ಮೆ ಹೇಳಿದಳು: “ಚಿಕ್ಕಮ್ಮ, ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ಆದರೆ ಅಲ್ಲಿ ಹೋಗಿ ನೀನೇನು ಮಾಡ್ತೀಯಾ ಅಂತ ಯಾರೂ ಕೇಳಲೂ ಇಲ್ಲ. ಎಲ್ಲರೂ ಕೇಳಿದ್ದು, ಅಲ್ಲಿ ತೊಗರಿಬೇಳೆ ಸಿಗುತ್ತಾ ಅಂತ!”

ಅವಳ ಗಂಡ ಕೆಟ್ಟವನಲ್ಲ. ಅವನ ಕಷ್ಟವೂ ಸಣ್ಣದಲ್ಲ. ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ದಾರಿ ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅಂಥ ಆತಂಕವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನೂ ದುಡಿದ. ಇಬ್ಬರೂ ನೊಂದರು ಎಂಬುದು ಸರಿ. ಆದರೆ ಒಬ್ಬರ ನೋವಿನ ಕೊನೆಗೆ ಬಡ್ತಿಯಿತ್ತು, ಇನ್ನೊಬ್ಬರ ನೋವಿನ ಕೊನೆಗೆ ಹೊಗಳಿಕೆ ಮಾತ್ರವಿತ್ತು.

ಇದು ಕೇವಲ ಗಂಡು ಹೆಣ್ಣಿನ ಜಗಳವೆಂದು ನೀವು ತಿಳಿಯಬಾರದು. ಅಮೆರಿಕದ 1965ರ ವಲಸೆ ಕಾನೂನಿನ ನಂತರ ಕೇರಳದಿಂದ ಅನೇಕ ನರ್ಸುಗಳು ಅಲ್ಲಿಗೆ ಹೋದರು. ಅಲ್ಲಿ ಮೊದಲು ಹೋದವಳು ಹೆಂಡತಿ, ಹಿಂದಿನಿಂದ ಹೋದವನು ಗಂಡ. ಊರಿನಲ್ಲಿ ಗೌರವದ ಕೆಲಸದಲ್ಲಿದ್ದ ಎಷ್ಟೋ ಗಂಡಸರು ಅಲ್ಲಿ ಸಿಕ್ಕಿದ ಸಣ್ಣ ಕೆಲಸಕ್ಕೆ ಸೇರಬೇಕಾಯಿತು. ಅವರ ನೋವೂ ನೋವೇ. ಆದರೆ ಅದನ್ನು ಯಾರೂ ತ್ಯಾಗವೆಂದು ಹಾಡಿ ಹೊಗಳಲಿಲ್ಲ, ನಷ್ಟವೆಂದೇ ಕರೆದರು. ಹೆಂಗಸಿನ ನಷ್ಟಕ್ಕೆ ಮಾತ್ರ ನಾವು ಚಂದದ ಹೆಸರಿಡುತ್ತೇವೆ.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ಹೇಳಿದರು. ಜೊತೆಗೆ ಬಂದವರ ಋಣ ಎಂಬುದೊಂದನ್ನು ಸೇರಿಸಬೇಕೆಂದು ನನಗನ್ನಿಸುತ್ತದೆ. ತ್ಯಾಗಕ್ಕೂ ಋಣಕ್ಕೂ ಬಹಳ ವ್ಯತ್ಯಾಸವಿದೆ. ತ್ಯಾಗವನ್ನು ಹೊಗಳಿ ಮರೆಯಬಹುದು. ಋಣವನ್ನು ನೆನಪಿಟ್ಟು ತೀರಿಸಬೇಕು.

ನನ್ನಕ್ಕನ ಮಗಳು ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಿದಳು. 2019ರಲ್ಲಿ ಟೆಕ್ಸಾಸ್‌ನಲ್ಲಿ ಅವಳಿಗೊಂದು ಒಳ್ಳೆಯ ಹುದ್ದೆ ಬಂತು. ಅವಳ ಪರವಾನಗಿ ಗಂಡನ ಕಾಗದಪತ್ರಕ್ಕೇ ಅಂಟಿಕೊಂಡದ್ದು. ಅವನು ಕಂಪನಿ ಬಿಡುವಂತಿರಲಿಲ್ಲ. ಬೇಡವೆನ್ನಲು ಅವಳೇ ಸಿದ್ಧಳಾಗಿದ್ದಳು. ಆಗ ಅವನು, “ಈ ಸಲ ನಿನ್ನ ಸರದಿ” ಎಂದನಂತೆ. ಬರಲಿದ್ದ ಬಡ್ತಿಯನ್ನು ಬಿಟ್ಟು ತನ್ನ ಕಂಪನಿಯ ಅಲ್ಲಿನ ಕಚೇರಿಗೆ ವರ್ಗ ಮಾಡಿಸಿಕೊಂಡ. ಇಲ್ಲಿ ನಮ್ಮಕ್ಕ, “ಗಂಡಸಾಗಿ ಹೆಂಡತಿ ಹಿಂದೆ ಹೋದನಲ್ಲೇ!” ಎಂದು ಹಣೆ ಚಚ್ಚಿಕೊಂಡಳು. “ಅವಳು ಹೋದಾಗ ನೀನು ಹೀಗೆ ಹಣೆ ಚಚ್ಚಿಕೊಂಡಿದ್ದರೆ ನಾನೂ ಒಪ್ಪುತ್ತಿದ್ದೆ ಕಣಕ್ಕ” ಎಂದೆ. ಎರಡು ದಿನ ನನ್ನೊಡನೆ ಮಾತಿಲ್ಲ!

ಇದರಿಂದ ಋಣ ತೀರಿತೇ? ಕಳೆದ ಏಳು ವರ್ಷವನ್ನು ಯಾರೂ ತಂದುಕೊಡಲಾರರು. ಆದರೆ ತಾನು ಏರಿದ ಮೆಟ್ಟಿಲ ಕೆಳಗೆ ಇನ್ನೊಬ್ಬರ ಹೆಗಲಿತ್ತು ಎಂದು ಒಪ್ಪಿಕೊಂಡ ಮನೆಯಲ್ಲಿ ಗಂಡ ಹೆಂಡತಿ ಮುಖ ಕೊಟ್ಟು ಮಾತಾಡಬಲ್ಲರು.

ಸಂಸಾರವೆಂದರೆ ವ್ಯಾಪಾರವೇ, ಅಲ್ಲೂ ಲೆಕ್ಕವೇ ಎಂದು ನೀವು ಕೇಳಬಹುದು. ಪ್ರೀತಿಯಿರುವಲ್ಲಿ ಲೆಕ್ಕ ಬೇಡವೆಂಬುದು ಕೇಳಲು ಇಂಪಾಗಿದೆ. ಆದರೆ ಆ ಮಾತನ್ನು ಹೆಚ್ಚಾಗಿ ಹೇಳುವವರು ಕೊಡಬೇಕಾದವರೇ ಹೊರತು ಪಡೆಯಬೇಕಾದವರಲ್ಲ. ಮಗಳಿಗಾಗಲಿ ಮಗನಿಗಾಗಲಿ ಪರದೇಶದ ಸಂಬಂಧವನ್ನೋ ಕೆಲಸವನ್ನೋ ಒಪ್ಪುವ ಮೊದಲು ಬೇಳೆ, ಚಳಿ, ಬಾಡಿಗೆಯ ವಿಚಾರ ಧಾರಾಳವಾಗಿ ಕೇಳೋಣ. ಜೊತೆಗೆ ಹೋಗುವವರು ಅಲ್ಲಿ ಏನು ಮಾಡುತ್ತಾರೆ, ಅವರ ಸರದಿ ಯಾವಾಗ ಎಂಬುದನ್ನೂ ಅವರ ಎದುರಿನಲ್ಲೇ ಕೇಳೋಣ. ಉತ್ತರ ಕೇಳಿದ ಮೇಲೂ ಅವಳು ನಗುನಗುತ್ತ ಹೊರಟರೆ, ಆಗ ಅದನ್ನು ತ್ಯಾಗವೆನ್ನಲು ನನ್ನ ಅಡ್ಡಿಯಿಲ್ಲ.