ದಾನವೋ, ಋಣವೋ?

ನಮ್ಮ ಮಾಮೂಲ್‌ಪೇಟೆಯ ಹೆಸರಿನಲ್ಲಿ ಅಡಗಿರುವ ಮಾತು ಬಹು ನೆಮ್ಮದಿಯ ಮಾತು. ಮಾಮೂಲೆಂದರೆ ಹಿಂದಿನಿಂದ ನಡೆದುಬಂದದ್ದು. ಮುಂದೆಯೂ ಹಾಗೆಯೇ ನಡೆಯತಕ್ಕದ್ದು. ಪಟ್ಟಣವಾಸಿಗಳಾದ ನಮ್ಮ ಸಂಸಾರವೆಲ್ಲ ಈ ನಂಬಿಕೆಯನ್ನೇ ಆಶ್ರಯಿಸಿಕೊಂಡಿರುವುದು. ಬೆಳಗಾದರೆ ಹಾಲು, ಹೊತ್ತೇರಿದರೆ ತರಕಾರಿ, ತಿಂಗಳು ಹುಟ್ಟಿದರೆ ದಿನಸಿ. ನಮ್ಮ ಸುತ್ತಣ ಪೇಟೆಗಳ ಹೆಸರುಗಳನ್ನೇ ನೋಡಿರಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ. ಒಂದೊಂದು ಹೆಸರಿನ ಹಿಂದೆಯೂ ಎಲ್ಲಿಯೋ ಒಂದು ಹೊಲವುಂಟು. ಆ ಹೊಲಕ್ಕೆ ಒಂದು ಮಳೆಯುಂಟು. ಆ ಮಳೆಯು ಈಚೆಗೆ ಮಾಮೂಲಿನಂತೆ ಬರುತ್ತಿಲ್ಲ.

೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹಲವು ಬಡಾವಣೆಗಳು ನೀರಿನಲ್ಲಿ ಮುಳುಗಿದುದನ್ನು ಕಂಡೆವು. ಮರುವರ್ಷ ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಘೋಷಿತವಾದುವು. ೨೦೨೪ರ ಬೇಸಗೆಯಲ್ಲಿ ಇದೇ ಊರಿನ ಜನ ಕೊಡಗಳನ್ನು ಹಿಡಿದು ನೀರಿನ ಗಾಡಿಗೆ ಕಾದುನಿಂತರು. ಭೂಮಂಡಲದ ತಾಪ ಏರುತ್ತಿರುವುದರಿಂದ ಮಳೆಯು ಬಂದರೆ ಒಮ್ಮೆಗೇ ಸುರಿಯುವುದೂ, ನಡುವೆ ಬಹುದಿನ ಒಣಗುವುದೂ ಹೆಚ್ಚುತ್ತಿವೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ಮೃಗಶಿರೆ, ಆರಿದ್ರೆ, ಪುಷ್ಯ ಎಂದು ನಕ್ಷತ್ರಗಳನ್ನೆಣಿಸಿ ಬಿತ್ತುತ್ತಿದ್ದ ಬೇಸಾಯಗಾರನ ಪಂಚಾಂಗವು ಹೀಗೆ ತಪ್ಪಿಹೋಗುತ್ತಿದೆ. ರಾಜಸ್ಥಾನವೊಂದನ್ನು ಬಿಟ್ಟರೆ ದೇಶದಲ್ಲಿ ಮಳೆಯನ್ನೇ ನಂಬಿದ ಒಣಭೂಮಿ ಹೆಚ್ಚಾಗಿರುವುದು ನಮ್ಮ ಕರ್ನಾಟಕದಲ್ಲಿಯೇ ಆದುದರಿಂದ, ಈ ಸಂಕಟವು ನಮಗೆ ಪರರ ಮನೆಯ ಸುದ್ದಿಯಲ್ಲ.

ರಾಷ್ಟ್ರದ ಸರ್ಕಾರವು ಇದನ್ನು ಅರಿಯದೆ ಇಲ್ಲ. ೨೦೦೮ರ ಜೂನ್ ೩೦ರಂದು ಪ್ರಕಟವಾದ ರಾಷ್ಟ್ರೀಯ ಹವಾಮಾನ ಕಾರ್ಯಯೋಜನೆಯ ಎಂಟು ಅಭಿಯಾನಗಳಲ್ಲಿ ಸುಸ್ಥಿರ ಬೇಸಾಯವೂ ಒಂದು. ೨೦೧೧ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಹವೆಯ ವೈಪರೀತ್ಯವನ್ನು ತಡೆದುಕೊಳ್ಳತಕ್ಕ ಬೇಸಾಯಕ್ಕಾಗಿ ಬೇರೊಂದು ಕಾರ್ಯಕ್ರಮವನ್ನು ತೊಡಗಿ, ತುಮಕೂರು ಜಿಲ್ಲೆಯ ಡಿ. ನಾಗೇನಹಳ್ಳಿಯಂಥ ಗ್ರಾಮಗಳನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. ೨೦೧೫ರಲ್ಲಿ ಮಣ್ಣಿನ ಆರೋಗ್ಯದ ಚೀಟಿ ಬಂದಿತು. ೨೦೧೬ರಲ್ಲಿ ಬೆಳೆವಿಮೆಯ ಹೊಸ ಏರ್ಪಾಡು ಬಂದಿತು. ನಮ್ಮ ರಾಜ್ಯವು ೨೦೧೪ರಲ್ಲಿ ಕೃಷಿಭಾಗ್ಯವೆಂಬ ಹೆಸರಿನಿಂದ ಹೊಲಗಳಲ್ಲಿ ಹೊಂಡಗಳನ್ನು ತೆಗೆಯಿಸಲಾರಂಭಿಸಿತು. ಇವುಗಳ ಗುಣದೋಷಗಳನ್ನು ತಜ್ಞರು ವಿಚಾರಿಸಲಿ. ನಾನು ಕೇಳಬೇಕೆಂದಿರುವುದು ಗೃಹಸ್ಥರು ಕೇಳಿಕೊಳ್ಳತಕ್ಕ ಒಂದು ಧರ್ಮಪ್ರಶ್ನೆಯನ್ನು: ಇದಕ್ಕೆಲ್ಲ ವೆಚ್ಚವಾಗುವ ಹಣವು ನಾವು ರೈತನಿಗೆ ಕೊಡುವ ದಾನವೋ, ಅವನಿಗೆ ತೀರಿಸುವ ಋಣವೋ?

ಇದು ಬರಿಯ ಮಾತಿನ ಭೇದವಲ್ಲ. ದಾನದಲ್ಲಿ ಕಾಲವೂ ಪ್ರಮಾಣವೂ ಕೊಡುವವನ ಇಷ್ಟ. ಸ್ವಲ್ಪ ಕೊಟ್ಟರೂ ಪುಣ್ಯ, ತಡವಾಗಿ ಕೊಟ್ಟರೂ ಉಪಕಾರ. ಋಣವಾದರೋ ಹಾಗಲ್ಲ. ಅದರ ಗಡುವೂ ಮೊತ್ತವೂ ಸಾಲಗಾರನ ಕೈಯಲ್ಲಿಲ್ಲ. ತೀರಿಸಿದವನಿಗೆ ಕೀರ್ತಿಯಿಲ್ಲ, ತೀರಿಸದವನಿಗೆ ದೋಷವುಂಟು.

ದಾನವೆನ್ನುವವರ ವಾದವನ್ನು ಮೊದಲು ಕೇಳೋಣ. "ರೈತನು ತಾನೇ ತನ್ನ ಭೂಮಿಯನ್ನು ಕೆಡಿಸಿಕೊಂಡನು. ಕೋಲಾರದ ಕಡೆ ಸಾವಿರ ಅಡಿಗಳನ್ನು ಮೀರಿ ಕೊಳವೆಬಾವಿ ಕೊರೆಯಿಸಿದವರಾರು? ಯೂರಿಯಾ ಸುರಿದವರಾರು? ಹಿರಿಯರ ಅಕ್ಕಡಿ ಸಾಲನ್ನು ಬಿಟ್ಟು ಒಂದೇ ಬೆಳೆಗೆ ಬಿದ್ದವರಾರು? ಅವನ ತಪ್ಪಿಗೆ ನಮ್ಮ ತೆರಿಗೆಯ ಹಣವೇಕೆ?" ಎಂದು ಅವರು ಕೇಳುವರು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಬೆರೆಸಿ ಬಿತ್ತುತ್ತಿದ್ದ ಅಕ್ಕಡಿಯು, ಒಂದು ಹೋದರೆ ಇನ್ನೊಂದು ಉಳಿಯಲೆಂಬ ದೂರದೃಷ್ಟಿಯುಳ್ಳದ್ದು. ನೆಲದೊಳಗಣ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕೂಡಿಡುತ್ತಿದ್ದುದು ಬರಗಾಲಕ್ಕೆ ಮಾಡಿದ ಯೋಜನೆಯಲ್ಲದೆ ಮತ್ತೇನು? ಆದರೆ ಆ ಹಳೆಯ ಜಾಣ್ಮೆಯೊಂದೇ ಸಾಲದೆಂಬುದನ್ನೂ ಮರೆಯಬಾರದು. ೧೮೭೬ರಿಂದ ೭೮ರವರೆಗಿನ ಕ್ಷಾಮದಲ್ಲಿ ಹಗೇವುಗಳು ಬರಿದಾದುವು; ೧೮೭೧ರಲ್ಲಿ ಐವತ್ತು ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ನಾಲ್ವತ್ತೆರಡು ಲಕ್ಷಕ್ಕೆ ಇಳಿಯಿತು. ಮುಂದೆ ೧೮೯೯ರಲ್ಲಿ, ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕಾಗಿ ೩೦ ಎಕರೆ ಭೂಮಿಯನ್ನು ಕೊಟ್ಟರು. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಕಲ್ಪಿಸಿ ಇಂಡಾಫ್ ತಳಿಗಳನ್ನು ತಂದ ಲಕ್ಷ್ಮಣಯ್ಯನವರ ದುಡಿಮೆಯೂ ಅದೇ ದಾರಿಯದು. ಅನುಭವಕ್ಕೆ ವಿದ್ಯೆಯೂ, ವಿದ್ಯೆಗೆ ರಾಜ್ಯದ ಆಶ್ರಯವೂ ಬೇಕೆಂಬುದೇ ಇದರ ಪಾಠ.

ಇನ್ನು ರೈತನು ಕೆಡಿಸಿಕೊಂಡನೆಂಬ ಮಾತು. ೧೯೬೦ರ ದಶಕದಲ್ಲಿ ಅಮೆರಿಕದಿಂದ ಹಡಗುಗಳಲ್ಲಿ ಗೋಧಿ ಬಂದರೆ ನಮ್ಮ ನಗರಗಳು ಉಣ್ಣತಕ್ಕ ಕಾಲವಿತ್ತು. ಆಗ ದೇಶವು ರೈತನನ್ನು ಕರೆದು, ಹೊಸ ಬೀಜವನ್ನು ಬಿತ್ತು, ರಸಗೊಬ್ಬರವನ್ನು ಹಾಕು, ನೀರನ್ನೆತ್ತು, ಹೆಚ್ಚು ಬೆಳೆ ಎಂದಿತು. ಅವನು ಬೆಳೆದನು, ನಾವು ಉಂಡೆವು. ೨೦೧೦ರಲ್ಲಿ ಇತರ ಗೊಬ್ಬರಗಳ ಬೆಲೆಯನ್ನು ಸಡಿಲಿಸಿ ಯೂರಿಯಾವೊಂದನ್ನೇ ಅಗ್ಗದ ಕಟ್ಟುಬೆಲೆಯಲ್ಲಿ ಉಳಿಸಿದುದು ರೈತನ ತೀರ್ಮಾನವಲ್ಲ. ಒಂದು ಕೈಯಿಂದ ಮಣ್ಣಿನ ಚೀಟಿಯನ್ನು ಕೊಟ್ಟು ಇನ್ನೊಂದು ಕೈಯಿಂದ ಯೂರಿಯಾವನ್ನು ಸೋವಿಯಾಗಿ ನೀಡಿದರೆ, ಬಡವನು ಯಾವ ಕೈಯನ್ನು ನಂಬಬೇಕು? ನಮ್ಮ ಅಪ್ಪಣೆಯಂತೆ ನಡೆದವನಿಗೆ ನಷ್ಟವಾದರೆ ಅದರಲ್ಲಿ ನಮಗೂ ಪಾಲುಂಟೆಂಬುದು ವ್ಯಾಪಾರದ ನ್ಯಾಯ. ಪೇಟೆಯವರಾದ ನಮಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಹಿಂದೆ ಬೇಸಾಯದ ಕ್ರಮವನ್ನು ಬದಲಿಸೆಂದವರೂ ನಾವೇ, ಈಗ ತಿರುಗಿ ಬದಲಿಸೆನ್ನುವವರೂ ನಾವೇ. ಬದಲಾಗುವ ಮೂರು ನಾಲ್ಕು ವರ್ಷಗಳಲ್ಲಿ ಇಳುವರಿ ಕಡಮೆಯಾದರೆ ಆ ಕೊರತೆಯನ್ನು ಅವನೊಬ್ಬನೇ ಹೊರಬೇಕೆಂಬುದು ಅನ್ಯಾಯ.

ಋಣವೆಂದು ಒಪ್ಪಿದ ಮೇಲೆ ಕೆಲವು ಸಂಗತಿಗಳು ಬೇರೆಯಾಗಿ ಕಾಣುವುವು. ೨೦೨೩ರಲ್ಲಿ ಮುಂಗಾರು ತಪ್ಪಿತು. ಬರಪರಿಹಾರಕ್ಕಾಗಿ ರಾಜ್ಯವು ೨೦೨೪ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಗಬೇಕಾಯಿತು. ಕೇಂದ್ರದಿಂದ ಹಣ ಬಿಡುಗಡೆಯಾದುದು ಏಪ್ರಿಲಿನ ಕೊನೆಗೆ. ಯಾರ ತಪ್ಪೆಂಬ ರಾಜಕೀಯ ವಾದ ಇಲ್ಲಿ ಬೇಡ. ದಾನವಾಗಿದ್ದರೆ ಈ ವಿಳಂಬವು ಬರಿಯ ನಿಧಾನ. ಋಣವಾದುದರಿಂದ ಅದು ವಚನಭಂಗ. ಅದೇ ಬರದ ವರ್ಷದ ಡಿಸೆಂಬರಿನಲ್ಲಿ ನಮ್ಮ ಅಡುಗೆಮನೆಗಳಿಗೆ ಬೆಲೆ ಏರಬಾರದೆಂದು ಈರುಳ್ಳಿಯ ರಫ್ತನ್ನು ನಿಷೇಧಿಸಿದರು. ಬೆಳೆದವನಿಗೆ ಬೆಳೆ ಕಡಮೆ. ಇದ್ದಷ್ಟಕ್ಕಾದರೂ ಬೆಲೆ ಬಂದೀತೆಂದರೆ ಅದೂ ತಪ್ಪಿತು. ನಾವು ಪತ್ರಿಕೆಯಲ್ಲಿ ಈ ಸುದ್ದಿಯನ್ನು ಓದಿ ಸಮಾಧಾನಗೊಂಡೆವು. ನಾನೂ ಸಮಾಧಾನಗೊಂಡವರಲ್ಲಿ ಒಬ್ಬನೆಂಬುದನ್ನು ಮರೆಮಾಚಲಾರೆ.

ಇನ್ನೊಂದು ನಿದರ್ಶನವು ನಮಗೆ ಮತ್ತೂ ಹತ್ತಿರದ್ದು. ೨೦೧೮ರಿಂದ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧಿಮಾಡಿ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಯಿಸುತ್ತಿದ್ದಾರೆ. ಒಣಗಿದ್ದ ಕೆರೆಗಳು ತುಂಬಿದುವು, ಅಂತರ್ಜಲವೂ ಮೇಲೆ ಬಂದಿತು; ಇದು ಸಣ್ಣ ಲಾಭವಲ್ಲ. ಆದರೆ ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂದು ಆ ಸೀಮೆಯವರು ಮೊದಲಿನಿಂದಲೂ ಕೇಳುತ್ತ ಬಂದಿರುವರು. ಆ ಹೊಲಗಳ ಟೊಮೆಟೊವನ್ನೂ ಸೊಪ್ಪನ್ನೂ ತಿನ್ನುವವರು ನಾವು. ದಾನವಾಗಿದ್ದರೆ "ಕೊಟ್ಟ ನೀರಿಗೆ ಹೆಸರಿಡುವುದೇಕೆ?" ಎನ್ನಬಹುದಾಗಿತ್ತು. ಋಣವನ್ನು ಸವಕಲು ನಾಣ್ಯದಲ್ಲಿ ತೀರಿಸುವುದುಂಟೆ?

ಹಾಗೆಂದು ರೈತನು ಕೇಳಿದುದನ್ನೆಲ್ಲ ಕೊಡಬೇಕೆಂದು ನಾನು ಹೇಳುವವನಲ್ಲ. ನೆಲದಡಿಯ ನೀರು ಅವನೊಬ್ಬನ ಸ್ವತ್ತಲ್ಲ, ನಮ್ಮ ಸ್ವತ್ತೂ ಅಲ್ಲ. ಮುಂದೆ ಹುಟ್ಟುವವರು ನಮ್ಮಿಬ್ಬರಲ್ಲಿಯೂ ಇಟ್ಟಿರುವ ನ್ಯಾಸವದು. ಆ ಕಡೆಗೆ ನೋಡಿದರೆ ರೈತನೂ ನಾವೂ ಒಟ್ಟಿಗೆ ಸಾಲಗಾರರು. ಆದಕಾರಣ ನೀರಿಗೆ ಮಿತಿಯೂ ಗೊಬ್ಬರಕ್ಕೆ ಅಳತೆಯೂ ಬೇಕು. ಆದರೆ ಮಿತಿಯನ್ನು ಹೇಳುವ ಅಧಿಕಾರವು ಮೊದಲು ತನ್ನ ಬಾಕಿಯನ್ನು ಸಂದಾಯಮಾಡಿದವನಿಗೆ ಉಂಟೇ ಹೊರತು ಅನ್ಯರಿಗಿಲ್ಲ.

ನಮ್ಮ ಪೇಟೆಯಿಂದ ಸ್ವಲ್ಪ ದೂರ ನಡೆದರೆ ಸಿಕ್ಕುವ ದೊಡ್ಡ ಬಸ್ಸುನಿಲ್ದಾಣವು ಹಿಂದೆ ಕೆರೆಯಾಗಿತ್ತು. ಹಿರಿಯರು ಅದಕ್ಕೆ ಧರ್ಮಾಂಬುಧಿಯೆಂದು ಹೆಸರಿಟ್ಟಿದ್ದರು. ನೀರು ಹೋಯಿತು, ಆ ಕೆರೆಯ ಅಂಗಳದಲ್ಲಿ ಈಗ ಹಳ್ಳಿಗಾಡಿನಿಂದ ಕೆಲಸ ಹುಡುಕಿಕೊಂಡು ಬಂದವರು ಗಂಟುಮೂಟೆಗಳೊಡನೆ ಇಳಿಯುತ್ತಾರೆ. ಅವರಲ್ಲಿ ಎಷ್ಟು ಮಂದಿ ಮಳೆ ತಪ್ಪಿದ ಹೊಲವನ್ನು ಬಿಟ್ಟುಬಂದವರೋ ನಾವು ಕೇಳುವುದಿಲ್ಲ. ಅಲ್ಲಿ ಹಾದುಹೋಗುವ ಗೃಹಸ್ಥನು ಒಂದು ಗಳಿಗೆ ನಿಂತು, ಆ ದಿನ ಮನೆಯಲ್ಲಿ ಉಂಡ ಊಟದ ಲೆಕ್ಕವನ್ನು ಮನಸ್ಸಿನಲ್ಲಿ ಒಮ್ಮೆ ಬರೆದುನೋಡಿಕೊಳ್ಳಲಿ. ಅದು ಖರ್ಚಿನ ಕಡೆಗೆ ಸೇರತಕ್ಕದ್ದೋ ಸಾಲದ ಕಡೆಗೋ ಎಂಬುದನ್ನು ವಾಚಕಮಹಾಶಯರೇ ನಿರ್ಣಯಿಸಬೇಕಾಗಿ ಬೇಡುತ್ತೇನೆ.